ಮನೆಯ ಪಾಠ, ಶಾಲೆಯ ಪಾಠ



ಕಳೆದ ಏಕಾದಶಿಯ ಪ್ರವಚನ ಮುಗಿದ ಮೇಲೆ ನಮ್ಮ ಕಮಲನಗರದ ಗೃಹಸ್ಥರೊಬ್ಬರು ನನ್ನನ್ನು ನಿಲ್ಲಿಸಿ, “ಆಚಾರ್ಯರೇ, ಉಪನಯನವಾದ ಮಗನನ್ನು ಶಾಲೆ ಬಿಡಿಸಿ ಮನೆಯಲ್ಲಿಯೇ ವೇದ, ಸ್ತೋತ್ರ, ಸಂಸ್ಕೃತ ಕಲಿಸಬೇಕೆಂದಿದ್ದೇನೆ. ತಪ್ಪೇನು?” ಎಂದು ಕೇಳಿದರು. ವಟುವಿಗೆ ಒಂಬತ್ತು ವರ್ಷ. ಅವಸರದಲ್ಲಿ ಉತ್ತರಿಸಲಾರದೆ ಬಂದೆ.

ಮೊದಲು ರಾಜಶಾಸನದ ಮಾತು. 2009ರ ಶಿಕ್ಷಣ ಹಕ್ಕು ಕಾಯಿದೆಯು 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಆರರಿಂದ ಹದಿನಾಲ್ಕು ವರ್ಷದ ಮಗುವನ್ನು ನೆರೆಯ ಶಾಲೆಗೆ ಸೇರಿಸುವುದು ತಂದೆತಾಯಿಗಳ ಕರ್ತವ್ಯವೆಂದು ಅದು ವಿಧಿಸುತ್ತದೆ. 2012ರ ತಿದ್ದುಪಡಿಯು ವೇದಪಾಠಶಾಲೆಗಳನ್ನು ಅದರ ವ್ಯಾಪ್ತಿಯಿಂದ ಹೊರಗಿರಿಸಿತು. ಆದರೆ ನಮ್ಮ ಮನೆಯ ಪಡಸಾಲೆ ಪಾಠಶಾಲೆಯಲ್ಲ. ಮನೆಯಲ್ಲೇ ಕಲಿಸುವುದನ್ನು ಕಾಯಿದೆ ಹೆಸರಿಸಿ ಒಪ್ಪಿಯೂ ಇಲ್ಲ, ಹೆಸರಿಸಿ ನಿಷೇಧಿಸಿಯೂ ಇಲ್ಲ. ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ಮೂಲಕ ಹತ್ತನೆಯ ತರಗತಿಯ ಪರೀಕ್ಷೆಗೆ ಕಟ್ಟುವ ದಾರಿ ಇದೆ. ಅದಕ್ಕೂ ಹದಿನಾಲ್ಕು ವರ್ಷ ತುಂಬಬೇಕು.

ಇನ್ನು ಶ್ರೀಮದಾಚಾರ್ಯರ ಬಾಲ್ಯವನ್ನು ನೆನೆಯೋಣ. ಸುಮಧ್ವವಿಜಯವು ಹೇಳುವಂತೆ ಪಾಜಕದ ಮನೆಯಲ್ಲಿ ವಾಸುದೇವನಿಗೆ ಅಕ್ಷರ ತೋರಿಸಿದವರು ತಂದೆ ಮಧ್ಯಗೇಹ ಭಟ್ಟರೇ. ಮರುದಿನ ಅವೇ ಅಕ್ಷರಗಳನ್ನು ಬರೆಯಹೋದಾಗ, ನಿನ್ನೆಯದನ್ನೇ ಮತ್ತೆ ಬರೆಯುವುದೇಕೆಂದು ಬಾಲಕನು ಕೇಳಿದನು. ತಂದೆ ಪುರಾಣ ಹೇಳುವಾಗ ‘ಲಿಕುಚ’ವೆಂಬ ಮರದ ಹೆಸರಿಗೆ ಅರ್ಥ ಹೇಳದೆ ಮುಂದುವರಿದರೆ ಅದನ್ನೂ ಕೇಳಿದನು. ಇಂತಹ ಮಗನನ್ನೂ ಉಪನಯನಾನಂತರ ಆ ತಂದೆ ಗುರುವಿನ ಬಳಿಗೆ ಕಳುಹಿಸಿದರು! ಅಲ್ಲಿ ಓರಗೆಯ ವಟುಗಳೊಡನೆ ಓಟ, ಈಜು, ಮಲ್ಲಯುದ್ಧಗಳೂ ನಡೆದುವು.

ಹಾಗೆಂದು ಮನೆಯ ಪಾಠ ಕಿರಿದೆ? ನಮ್ಮ ಬೀದರ ಸೀಮೆ 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿತ್ತು. ಸರಕಾರಿ ವಿದ್ಯೆ ಹೆಚ್ಚಾಗಿ ಉರ್ದುವಿನಲ್ಲಿ. ಆಗ ಕನ್ನಡದ ಅಕ್ಷರ, ದಾಸರ ಪದ, ಪಂಚಾಂಗ ನೋಡುವ ಕ್ರಮ ಇವೆಲ್ಲ ಮನೆಗಳಲ್ಲಿ ಅಜ್ಜ ಅಜ್ಜಿಯರ ಬಾಯಿಂದ ಉಳಿದವು. ಇಂದು ಶಾಲೆಯಲ್ಲಿ ಕನ್ನಡವಿದೆ. ಅಜ್ಜಿಯ ಬಳಿ ಕುಳ್ಳಿರುವ ಮಗುವೇ ಇಲ್ಲ.

ನನ್ನ ಅನುಭವವನ್ನೂ ಹೇಳುವೆ. ಪಾಠಶಾಲೆಗೆ ಹೋಗುವ ಮುನ್ನ ನಮ್ಮ ತಂದೆಯವರು ನನ್ನನ್ನು ಎರಡು ವರ್ಷ ಮನೆಯಲ್ಲಿಯೇ ಇರಿಸಿಕೊಂಡರು. ವಾಯುಸ್ತುತಿ ಬಾಯಿಗೆ ಬಂದಿತು, ಭಾಗಾಕಾರ ಬರಲಿಲ್ಲ. ಹತ್ತನೆಯ ತರಗತಿಗೆ ಕಟ್ಟಿದಾಗ ನನಗಿಂತ ಕಿರಿಯರ ಬಳಿ ಕುಳಿತು ಲೆಕ್ಕ ಕಲಿತೆ. ತಂದೆಯವರ ಮೇಲೆ ದೂರಿಲ್ಲ. ದೇವರ ಪೂಜೆ, ಊರವರ ಮನೆಯ ಶ್ರಾದ್ಧಗಳ ನಡುವೆ ಅವರಿಗೆ ಬಿಡುವಾದರೂ ಎಲ್ಲಿತ್ತು?

ಆದ್ದರಿಂದ ಆ ಗೃಹಸ್ಥರನ್ನು ಮೊನ್ನೆ ಕಂಡು, “ರಾಯರೇ, ಹಗಲೆಲ್ಲ ನೀವು ಅಂಗಡಿಯಲ್ಲಿರುವಾಗ ಮಗನಿಗೆ ಕಲಿಸುವವರು ಯಾರು?” ಎಂದೆ. ಅವರು ಸುಮ್ಮನಾದರು. ಒಳಗಿನಿಂದ ಅವರ ತಾಯಿಯವರು, “ಬೆಳಿಗ್ಗೆ ಅರ್ಧ ತಾಸು ನಾ ಕೂಡಿಸಿಕೊತೀನಿ. ಶಾಲಿ ಬಿಡಿಸಬ್ಯಾಡ” ಎಂದರು. ಈಗ ಸಂಧ್ಯಾವಂದನೆಯ ಮಂತ್ರಗಳನ್ನು ತಂದೆ, ದಾಸರ ಪದಗಳನ್ನು ಅಜ್ಜಿ ಹೇಳಿಕೊಡುತ್ತಿದ್ದಾರೆ. ಸಂಸ್ಕೃತಕ್ಕೆಂದು ಹುಡುಗನು ರವಿವಾರ ನನ್ನ ಬಳಿಗೆ ಬರುತ್ತಾನೆ. ಮೊದಲ ದಿನವೇ ಶಬ್ದರೂಪದ ಎರಡನೆಯ ಸಾಲಿನಲ್ಲಿ ನನ್ನನ್ನು ತಡೆದು, “ಇದು ಹೀಗೇಕೆ?” ಎಂದು ಕೇಳಿದನು.