ತೋಟಾ ತುಂಬುವವರ ಎಚ್ಚರ

ಶ್ರದ್ಧೆಯಿಂದ ಮಾಡಿದ ಕೆಲಸವೆಲ್ಲ ಒಳ್ಳೆಯ ಕೆಲಸ ಎಂದು ಹೇಳಿಯೇ ನಮ್ಮನ್ನು ಬೆಳೆಸಿದ್ದಾರೆ. ಹಪ್ಪಳ ಒತ್ತುವುದಿರಲಿ, ಗುಂಡಿ ಹೊಲಿಯುವುದಿರಲಿ, ಮನಸ್ಸಿಟ್ಟು ಮಾಡಬೇಕು. ಅಮೆರಿಕದಲ್ಲಿ ಮಗಳ ಮನೆಯಲ್ಲಿದ್ದಾಗ, ಪಕ್ಕದ ಮನೆಯ ನಿವೃತ್ತರೊಬ್ಬರು ಗ್ಯಾರೇಜಿನಲ್ಲಿ ಕೂತು ಬಂದೂಕಿನ ತೋಟಾ ತಯಾರಿಸುವುದನ್ನು ಕಂಡೆ. ಅಂದಿನಿಂದ ಆ ಮಾತು ನನ್ನ ಮನಸ್ಸಿನಲ್ಲಿ ಮೊದಲಿನಷ್ಟು ಗಟ್ಟಿಯಾಗಿ ನಿಂತಿಲ್ಲ.

ನಮ್ಮಲ್ಲಾದರೆ 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಪರವಾನಗಿಯಿಲ್ಲದೆ ತೋಟಾ ತಯಾರಿಸುವುದು ಅಪರಾಧ. ಅಲ್ಲಿ ಅದೊಂದು ಹವ್ಯಾಸ. ಗುಂಡು ಹಾರಿದ ಮೇಲೆ ಉಳಿಯುವ ಹಿತ್ತಾಳೆಯ ಕೊಳವೆಯನ್ನು ಅವರು ಎಸೆಯುವುದಿಲ್ಲ. ಶುಚಿ ಮಾಡಿ, ಹಿಗ್ಗಿದ್ದನ್ನು ಅಚ್ಚಿಗೆ ಒತ್ತಿ ಹಳೆಯ ಅಳತೆಗೆ ತರುತ್ತಾರೆ. ಹೊಸ ಕೇಪು, ತೂಗಿದ ಮದ್ದು, ಬಾಯಿಗೆ ಹೊಸ ಗುಂಡು. ಒತ್ತುವುದಕ್ಕೆ ಒಂದು ಪ್ರೆಸ್ಸು, ನಮ್ಮ ಶ್ಯಾವಿಗೆ ಒರಳಿನ ದೂರದ ನೆಂಟನಂತೆ, ಭಾರದ ಮೇಜಿಗೆ ಅಲುಗಾಡದ ಹಾಗೆ ಬೋಲ್ಟು ಬಿಗಿದದ್ದು.

ಪ್ರೆಸ್ಸಿನಲ್ಲೂ ಆಯ್ಕೆಯಿದೆ. ಒಂದು ಬಗೆಯದರಲ್ಲಿ ಹಿಡಿಕೆ ಎಳೆದಾಗಲೆಲ್ಲ ತಟ್ಟೆ ತಿರುಗಿ ಒಂದೊಂದು ತೋಟಾ ಸಿದ್ಧವಾಗಿ ಬೀಳುತ್ತದೆ, ಗಂಟೆಗೆ ನೂರಾರು. ಇವರು ಕೊಂಡದ್ದು ಒಂದು ಎಳೆತಕ್ಕೆ ಒಂದೇ ಕೆಲಸ ಮಾಡುವಂಥದ್ದು. "ಬೇಗ ಆಗುವಲ್ಲಿ ತಪ್ಪೂ ಬೇಗ ಆಗುತ್ತದೆ" ಎಂದರು. ಪಿಸ್ತೂಲಿನ ಕೆಲವು ಮದ್ದು ಎಷ್ಟು ಸ್ವಲ್ಪ ಸಾಕೆಂದರೆ, ಮರೆತು ಎರಡು ಸಲ ಹಾಕಿದರೂ ಕೊಳವೆಯೊಳಗೆ ಹಿಡಿಸಿಬಿಡುತ್ತದೆ. ಆಮೇಲೆ ಪಿಸ್ತೂಲು ಕೈಯಲ್ಲೇ ಸಿಡಿಯಬಹುದು. ಅದಕ್ಕೇ ಮರದ ತಟ್ಟೆಯಲ್ಲಿ 50 ಕೊಳವೆ ನಿಲ್ಲಿಸಿ, ಒಂದೊಂದರೊಳಗೂ ಟಾರ್ಚು ಬಿಟ್ಟು ನೋಡುತ್ತಾರೆ. ತೂಕ ಗ್ರೇನಿನ ಹತ್ತನೇ ಒಂದು ಭಾಗದವರೆಗೆ, ಅಂದರೆ ಸುಮಾರು 6.5 ಮಿಲಿಗ್ರಾಂ. ಅಕ್ಕಸಾಲಿಗರೂ ತಲೆದೂಗಬೇಕು!

ಆದರೆ ಈ ಎಚ್ಚರವೆಲ್ಲ ನಳಿಗೆಯ ಹಿಂದೆ ನಿಂತವನಿಗಾಗಿ. ಮುಂದೆ ನಿಂತ ಜೀವಕ್ಕೆ ಇದರಲ್ಲಿ ಪಾಲೇನು? ಅವರ ಪ್ರೆಸ್ಸಿನ ಮೇಲೆ ಆರ್‌ಸಿಬಿಎಸ್ ಎಂದಿತ್ತು. ಕ್ಯಾಲಿಫೋರ್ನಿಯಾದ ಫ್ರೆಡ್ ಹಂಟಿಂಗ್ಟನ್ 1943ರಲ್ಲಿ ಆರಂಭಿಸಿದ ಕಂಪನಿ. ಮೊದಲೆರಡು ಅಕ್ಷರ 'ರಾಕ್ ಚಕ್', ಬಂಡೆಗಳ ನಡುವೆ ವಾಸಿಸುವ ಒಂದು ಪುಟ್ಟ ಪ್ರಾಣಿ. ಅದನ್ನು ಹೊಡೆಯುವ ಗುಂಡಿಗೆಂದು ಮಾಡಿದ ಅಚ್ಚಿನಿಂದ ಬಂದ ಹೆಸರು. ಯಾರಿಗಾಗಿ ಈ ಕಸುಬೆಂದು ಹೆಸರೇ ಹೇಳುತ್ತಿದೆ.

ನಾನು ಕೇಳಿಯೇಬಿಟ್ಟೆ. ಅವರು ಬೇಸರಪಡಲಿಲ್ಲ. ಗುರಿ ತಪ್ಪಿದ ಗುಂಡು ತಗುಲಿದ ಜಿಂಕೆ ಪೊದೆಯಲ್ಲಿ ನರಳಿ ದಿನವಿಡೀ ಸಾಯುತ್ತದೆ. ಸರಿಯಾಗಿ ತೂಗಿದ ಮದ್ದು ಅದಕ್ಕೂ ಒಂದು ದಯೆ ಎಂದರು. ಕೊಲ್ಲುವವನ ದಯೆ ಎಂದು ನಗಬಹುದಿತ್ತು, ನಗು ಬರಲಿಲ್ಲ. ಅಂಗಡಿಯಲ್ಲಿ ಡಬ್ಬಿಗಟ್ಟಲೆ ಕೊಳ್ಳುವವನು ಇಷ್ಟಾದರೂ ಯೋಚಿಸಿರುತ್ತಾನೆಯೇ? ಹಾಗೆಂದು ನಾನು ಒಪ್ಪಿದೆನೆಂದಲ್ಲ. ಕೈ ಎಷ್ಟೇ ಶುದ್ಧವಾಗಿ ದುಡಿದರೂ, ಮಾಡಿದ ವಸ್ತು ಕೈ ಬಿಟ್ಟ ಮೇಲೆ ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆಗೆ ತಕ್ಕಡಿಯಲ್ಲಿ ಉತ್ತರವಿಲ್ಲ.

ಅವರ ಹೆಂಡತಿ ಅಷ್ಟು ಹೊತ್ತೂ ಮಾತಾಡಿರಲಿಲ್ಲ. ಮೊಮ್ಮಕ್ಕಳು ಬರುವ ದಿನ ಗ್ಯಾರೇಜಿನ ಬೀಗದ ಕೈ ಮಾತ್ರ ತಮ್ಮ ಹತ್ತಿರವೇ ಇರುತ್ತದೆ ಎಂದು, ಕಾಫಿ ಕೊಡುತ್ತಾ ಹೇಳಿದರು.