ತಗ್ಗಬೇಕಾದವರು ಯಾರು?

ಶ್ರಮೆಯ ವಾರ ಬಂತೆಂದರೆ ಕೋಲಾರ ಸೀಮೆಯ ಸಭೆಗಳಲ್ಲಿ ಫಿಲಿಪ್ಪಿಯವರಿಗೆ ಪೌಲನು ಬರೆದ ಪತ್ರದ ಎರಡನೆಯ ಅಧ್ಯಾಯವನ್ನು ಓದದೆ ಬಿಡುವುದಿಲ್ಲ. ದೇವರಿಗೆ ಸಮನಾಗಿದ್ದವನು ಆ ಪದವಿಗೆ ಅಂಟಿಕೊಂಡು ಕೂರದೆ ಎಲ್ಲವನ್ನೂ ಬಿಟ್ಟು ದಾಸನಾದ, ಶಿಲುಬೆಯ ಸಾವಿನವರೆಗೂ ವಿಧೇಯನಾಗಿದ್ದ. ಸೆರೆಮನೆಯಲ್ಲಿ ಕೂತು ಪೌಲ ಬರೆದದ್ದು ಇಷ್ಟು. ಪ್ರಸಂಗ ಅಲ್ಲಿಂದ ಸೀದಾ ಬೆಂಚಿನ ಮೇಲೆ, ಚಾಪೆಯ ಮೇಲೆ ಕೂತವರ ಕಡೆಗೆ ತಿರುಗುತ್ತದೆ: ನೀವೂ ಹಾಗೇ ತಗ್ಗಿ ಬಗ್ಗಿ ನಡೆಯಿರಿ. ಈ ತಿರುವಿನಲ್ಲಿ ಒಂದು ದೊಡ್ಡ ಸಂಗತಿ ಕೈತಪ್ಪುತ್ತದೆ. ಕ್ರಿಸ್ತನು ಮೇಲಿಂದ ಕೆಳಕ್ಕೆ ಇಳಿದವನು. ಚಾಪೆಯ ಮೇಲೆ ಕೂತವರಲ್ಲಿ ಅನೇಕರು ತಲೆತಲಾಂತರದಿಂದ ಕೆಳಗೇ ಇರಿಸಲ್ಪಟ್ಟವರು. ಏಣಿಯ ಬುಡದಲ್ಲಿ ನಿಂತವನಿಗೆ ಇಳಿ ಎಂದರೆ ಅವನು ಎಲ್ಲಿಗೆ ಇಳಿಯಬೇಕು?

ಮಾಲೂರು ತಾಲ್ಲೂಕಿನ ಉಳ್ಳೇರಹಳ್ಳಿಯನ್ನು ನೆನೆಯಿರಿ. 2022ರ ಸೆಪ್ಟೆಂಬರಿನಲ್ಲಿ, ಊರಹಬ್ಬದ ಹೊತ್ತಿನಲ್ಲಿ ದಲಿತ ಹುಡುಗನೊಬ್ಬ ದೇವರ ಕೋಲು ಮುಟ್ಟಿದನೆಂದು ಊರ ಮುಖಂಡರು ಆ ಮನೆಗೆ 60,000 ರೂಪಾಯಿ ದಂಡ ವಿಧಿಸಿದರು. ಮನೆಯವರು ಪೊಲೀಸರಿಗೆ ದೂರು ಕೊಟ್ಟರು, ಮನೆಯೊಳಗೆ ಅಂಬೇಡ್ಕರ್ ಫೋಟೋ ಇಟ್ಟರು. ಅವರು ಕ್ರೈಸ್ತರಲ್ಲ. ಕ್ರೈಸ್ತರಾಗಿದ್ದಿದ್ದರೆ ನಾವು ಏನು ಹೇಳುತ್ತಿದ್ದೆವು? ಸೈರಿಸಿಕೊಳ್ಳಿ, ಕರ್ತನು ನೋಡಿಕೊಳ್ಳುತ್ತಾನೆ, ದೀನರಾಗಿರಿ ಎನ್ನುತ್ತಿದ್ದೆವೇ? ಹಾಗೆ ಹೇಳಿದ್ದರೆ ನಾವು ಕ್ರಿಸ್ತನ ಪಕ್ಷದಲ್ಲಲ್ಲ, ದಂಡ ಹಾಕಿದವರ ಪಕ್ಷದಲ್ಲಿ ನಿಂತಂತಾಗುತ್ತಿತ್ತು.

ಇದನ್ನು ನಮಗಿಂತ ಮುಂಚೆ ಯೋಚಿಸಿದವರಿದ್ದಾರೆ. 1960ರಲ್ಲಿ ಅಮೆರಿಕದ ವ್ಯಾಲರಿ ಸೇವಿಂಗ್ ಎಂಬ ವಿದುಷಿ, ಅಹಂಕಾರವೇ ಮನುಷ್ಯನ ಮೂಲ ಪಾಪ ಎಂಬ ಬೋಧನೆ ಗಂಡಸರ ಅನುಭವದಿಂದ ಹುಟ್ಟಿದ್ದು ಎಂದು ವಾದಿಸಿದರು. ತನ್ನತನವನ್ನೇ ಕಳೆದುಕೊಂಡು ಬದುಕುವ ಹೆಣ್ಣಿಗೆ ಅಹಂಕಾರ ಬಿಡು ಎಂದರೆ ಅದು ಅವಳ ರೋಗಕ್ಕೆ ಮದ್ದಲ್ಲ. ಕೋಲಾರಕ್ಕೆ ಕೂಗಳತೆಯಲ್ಲಿರುವ ಬೆಂಗಳೂರಿನ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜಿನಲ್ಲಿ 1981ರಲ್ಲಿ ಅರವಿಂದ ಪಿ. ನಿರ್ಮಲ್ ಒಂದು ಉಪನ್ಯಾಸ ಕೊಟ್ಟರು. ದಲಿತ ದೇವಶಾಸ್ತ್ರ ಅಲ್ಲಿಂದ ಮೊಳೆಯಿತು. ಕಸ ಬಳಿಯುವ, ಮಲ ಎತ್ತುವ ಜನರ ಸೇವೆಯಲ್ಲೇ ಅವರು ದೇವರ ಮುಖವನ್ನು ಗುರುತಿಸಿದರು. ಆ ಜನ ಹಾಗೆಯೇ ಇರಲಿ ಎಂದು ಅವರು ಹೇಳಲಿಲ್ಲ. ದೇವರೇ ಅವರಲ್ಲೊಬ್ಬನಾಗಿದ್ದಾನೆ, ಆದ್ದರಿಂದ ತಲೆ ಎತ್ತಿ ನಿಲ್ಲಿ ಎಂದರು.

ಇದಕ್ಕೆ ಗಟ್ಟಿಯಾದ ಆಕ್ಷೇಪಣೆಯೊಂದಿದೆ. ದೀನತೆ ಉಳ್ಳವರ ಪಾಲಿನ ಗುಣ ಎಂದುಬಿಟ್ಟರೆ, ಬಡವರಿಗೆ ಕ್ರಿಸ್ತನ ಮನಸ್ಸಿನಲ್ಲಿ ಪಾಲೇ ಇಲ್ಲವೇ? ಅದು ಅವರಿಗೆ ಮಾಡುವ ಇನ್ನೊಂದು ಅವಮಾನವಲ್ಲವೇ? ಹೌದು, ಹಾಗೆ ಹೇಳಿ ಮುಗಿಸಲಾಗದು. ಮಾಲೂರಿನ ಇಟ್ಟಿಗೆ ಗೂಡಿನಲ್ಲಿ ಮೇಸ್ತ್ರಿಯ ಬೈಗುಳ ತಿಂದು ಬಂದವನು ಮನೆಯಲ್ಲಿ ಹೆಂಡತಿಯ ಮೇಲೆ ಯಜಮಾನ. ಶ್ರೀನಿವಾಸಪುರದ ಮಾವಿನ ತೋಪಿನಲ್ಲಿ ಕೂಲಿ ಮಾಡುವ ಅತ್ತೆಗೆ ಸೊಸೆಯೊಬ್ಬಳಿದ್ದಾಳೆ. ಜಾತಿಯಿಂದ ನೊಂದವರೇ ಸಂಬಂಧ ನೋಡುವಾಗ ಎಡಗೈ ಪಂಗಡವೋ ಬಲಗೈ ಪಂಗಡವೋ ಎಂದು ಕೇಳುವುದು ಇನ್ನೂ ನಿಂತಿಲ್ಲ. ಯಾರ ಮೇಲೆ ನಮ್ಮ ಕೈ ಮೇಲಾಗಿದೆಯೋ ಅವರೆದುರು ತಗ್ಗುವುದು ಕ್ರಿಸ್ತನ ದಾರಿ. ಯಾರ ಕೈ ನಮ್ಮ ಮೇಲಿದೆಯೋ ಅವರೆದುರು ಬಗ್ಗುವುದಕ್ಕೆ ಕ್ರಿಸ್ತನೇನೂ ಬೇಕಿಲ್ಲ, ಹೆದರಿಕೆ ಸಾಕು.

ವಿಧೇಯತೆಯ ವಿಷಯವೂ ಇಷ್ಟೇ. ಕ್ರಿಸ್ತನು ವಿಧೇಯನಾದದ್ದು ತಂದೆಗೆ. ಮಹಾಯಾಜಕನಿಗಾಗಲಿ ಪಿಲಾತನಿಗಾಗಲಿ ಬೇಕಾದಂತೆ ನಡೆದುಕೊಂಡಿದ್ದರೆ ಅವನು ಶಿಲುಬೆಗೆ ಏರಬೇಕಾಗಿರಲಿಲ್ಲ. ಮುಳಬಾಗಿಲಿನವರಿಗೆ ಇದು ಹೊಸದಾಗಿ ಕಾಣಬಾರದು. ಅದು ಶ್ರೀಪಾದರಾಜರ ಊರು, ದಾಸರ ನೆಲ. ಹರಿಗೆ ದಾಸನಾದವನು ಮನುಷ್ಯರ ಹಂಗಿಗೆ ಬೀಳಬೇಕಾಗಿಲ್ಲ ಎಂಬ ಬಲ ಆ ದಾಸ್ಯದಲ್ಲೇ ಇದೆ. ಜರ್ಮನಿಯಲ್ಲಿ ಶಿಷ್ಯತ್ವದ ಬೆಲೆಯನ್ನು ಕುರಿತು 1937ರಲ್ಲಿ ಪುಸ್ತಕ ಬರೆದ ಪಾದ್ರಿ ಡೀಟ್ರಿಕ್ ಬೊನ್‌ಹೋಫರ್ ದೇವರಿಗೆ ವಿಧೇಯನಾಗಿದ್ದರಿಂದಲೇ ಹಿಟ್ಲರನಿಗೆ ಅವಿಧೇಯನಾದ. 1945ರ ಏಪ್ರಿಲ್ 9ರಂದು ಅವನನ್ನು ಗಲ್ಲಿಗೇರಿಸಿದರು.

ಮೇಲಿದ್ದವರು ತಗ್ಗಿದ್ದಕ್ಕೆ ನಮ್ಮಲ್ಲೇ ಒಂದು ಹಳೆಯ ಉದಾಹರಣೆ ಇದೆ. 1876-78ರ ಬರಗಾಲ ಮೈಸೂರು ಸಂಸ್ಥಾನದಲ್ಲಿ ಸುಮಾರು ಹತ್ತು ಲಕ್ಷ ಜನರನ್ನು ನುಂಗಿತು. ಆ ಕಾಲದಲ್ಲಿ ಮಿಸ್ ಆನ್ಸ್ಟಿ ಎಂಬ ಇಂಗ್ಲಿಷ್ ಹೆಂಗಸು ಕೋಲಾರದಲ್ಲಿ ಅನಾಥಾಲಯ ನಡೆಸಿ ತಬ್ಬಲಿ ಮಕ್ಕಳನ್ನು ಸಾಕಿದರು. 1890ರಲ್ಲಿ ಅದೆಲ್ಲವನ್ನೂ ಅಮೆರಿಕದ ಮೆಥಡಿಸ್ಟ್ ಮಿಷನ್ನಿಗೆ ಒಪ್ಪಿಸಿದರು. ಊರವರು ಇಟಿಸಿಎಂ ಎಂದು ಕರೆಯುವ ಆಸ್ಪತ್ರೆ ಮುಂದೆ ಬೆಳೆದದ್ದು ಆ ಮಿಷನ್ನಿನ ಕೈಯಲ್ಲಿ. ಆ ಕಾಲದ ಮಿಷನರಿಗಳಲ್ಲಿ ಬಿಳಿಯರ ಹಿರಿಮೆ ಇರಲಿಲ್ಲವೆನ್ನಲಾರೆ. ಅನ್ನಕ್ಕಾಗಿ ಬಂದ ಮಗುವಿನ ವಿಧೇಯತೆ ಸ್ವಂತ ಮನಸ್ಸಿನದ್ದು ಎಂದೂ ಹೇಳಲಾರೆ. ಆದರೂ ಕೈಯಾರೆ ಕಟ್ಟಿದ್ದನ್ನು ಇನ್ನೊಬ್ಬರ ಕೈಗೆ ಕೊಟ್ಟುಬಿಟ್ಟರಲ್ಲ, ಅದು ಸಣ್ಣ ಮಾತಲ್ಲ. ಸಭೆಯ ಕಮಿಟಿಯಲ್ಲಿ ಒಂದು ಕುರ್ಚಿ ಬಿಡಲು ಮನಸ್ಸು ಬಾರದವರು ಪ್ರತಿ ವರ್ಷವೂ ಫಿಲಿಪ್ಪಿಯ ಪತ್ರವನ್ನು ಓದುತ್ತಿದ್ದೇವೆ.

ಪವಿತ್ರ ಗುರುವಾರದ ಪಾದ ತೊಳೆಯುವ ವಿಧಿಯನ್ನು ಹತ್ತಿರದಿಂದ ನೋಡಿ. ಹನ್ನೆರಡು ಮಂದಿಯನ್ನು ಮುಂಚಿತವಾಗಿ ಆರಿಸಿರುತ್ತಾರೆ. ಅವರು ಮನೆಯಲ್ಲೇ ಸೋಪು ಹಾಕಿ ಕಾಲು ಉಜ್ಜಿಕೊಂಡು, ಒಗೆದು ಇಸ್ತ್ರಿ ಮಾಡಿದ ಪ್ಯಾಂಟು ತೊಟ್ಟು ಬಂದು ಕೂರುತ್ತಾರೆ. ಗುರುಗಳು ಮೊಣಕಾಲೂರಿ ಚೊಂಬಿನಿಂದ ಒಂದಿಷ್ಟು ನೀರು ಹೊಯ್ದು ಟವೆಲಿನಿಂದ ಒರೆಸುತ್ತಾರೆ. ತೊಳೆದದ್ದನ್ನೇ ತೊಳೆದಂತಾಯಿತು. ಪೋಪ್ ಫ್ರಾನ್ಸಿಸ್ 2013ರಲ್ಲಿ ಈ ವಿಧಿಯನ್ನು ರೋಮಿನ ಬಾಲಾಪರಾಧಿಗಳ ಸೆರೆಮನೆಗೆ ಕೊಂಡೊಯ್ದರು, ಅಲ್ಲಿ ಹೆಣ್ಣುಮಕ್ಕಳ, ಮುಸ್ಲಿಮರ ಪಾದಗಳನ್ನೂ ತೊಳೆದರು; 2016ರಲ್ಲಿ ಹೆಂಗಸರ ಪಾದ ತೊಳೆಯಲು ನಿಯಮವನ್ನೇ ತಿದ್ದಿಸಿದರು.

ನಮ್ಮ ಸಭಾಪಾಲಕರಲ್ಲಿ, ಗುರುಗಳಲ್ಲಿ ನನ್ನದೊಂದು ಬೇಡಿಕೆ. ಮುಂದಿನ ಪವಿತ್ರ ಗುರುವಾರ ಚರ್ಚಿನ ಕಸ ಗುಡಿಸುವ ಅಮ್ಮನನ್ನು, ಎಪಿಎಂಸಿ ಮಾರುಕಟ್ಟೆಯಲ್ಲಿ ಟೊಮೆಟೊ ಕ್ರೇಟು ಹೊರುವ ಹಮಾಲಿಯನ್ನು, ಆಸ್ಪತ್ರೆಯ ಆಯಾಳನ್ನು ಕೆಲಸದಿಂದ ಬಂದ ಕಾಲಿನಲ್ಲೇ ಕೂರಿಸಿ. ನೀರು ಹೊಯ್ಯುವ ಕೆಲಸ ಕಮಿಟಿಯ ಹಿರಿಯರದಾಗಲಿ. ಮುಂದಿನ ಕಮಿಟಿ ಚುನಾವಣೆಯಲ್ಲಿ ಅದೇ ಅಮ್ಮನ ಹೆಸರನ್ನು ಅವರೇ ಸೂಚಿಸಲಿ.