ಇಟ್ಟ ಕಬ್ಬಿನ ಹಾಲು

ಜಾಮೂನಿನ ಪಾಕಕ್ಕೆ ನಾವೆಲ್ಲ ಎರಡು ಹನಿ ನಿಂಬೆರಸ ಹಿಂಡುತ್ತೇವಲ್ಲ, ಹಿಂಡದಿದ್ದರೆ ಮಾರನೆಯ ದಿನ ಪಾತ್ರೆಯ ಅಂಚಿನಲ್ಲಿ ಸಕ್ಕರೆ ಹರಳುಗಟ್ಟಿರುತ್ತದೆ. ಯಾಕೆಂದು ನಾನು ಯೋಚಿಸಿದವಳೇ ಅಲ್ಲ. ನನ್ನ ಅತ್ತೆ ಹಿಂಡುತ್ತಿದ್ದರು, ನಾನೂ ಹಿಂಡುತ್ತಿದ್ದೆ. ಹುಳಿಯೂ ಬಿಸಿಯೂ ಸೇರಿ ಸಕ್ಕರೆಯನ್ನು ಒಡೆಯುತ್ತವೆ, ಒಡೆದದ್ದು ಹರಳಾಗಲು ಬಿಡುವುದಿಲ್ಲ ಎಂದು ರಸಾಯನಶಾಸ್ತ್ರ ಓದಿದ ಮಗಳು ಹೇಳಿದ ದಿನ ಮಾತ್ರ ನನಗೆ ಜಾಮೂನು ಮರೆತು, ಮಳವಳ್ಳಿ ಹತ್ತಿರದ ನಮ್ಮೂರಿನ ಆಲೆಮನೆ ನೆನಪಾಯಿತು.

ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆ ಶುರುವಾದರೂ ನಮ್ಮ ಕಡೆ ಆಲೆಮನೆಗಳೇನೂ ಆರಲಿಲ್ಲ. ಕಬ್ಬಿನ ರಸವನ್ನು ನಾವು ಹಾಲು ಎಂದೇ ಕರೆಯುವುದು. ಕೊಪ್ಪರಿಗೆಗೆ ಹಾಲು ಬಿದ್ದ ಮೇಲೆ ಸುಣ್ಣದ ತಿಳಿ ಹಾಕಿ, ಬೆಂಡೆ ಗಿಡದ ಲೋಳೆ ಬಿಟ್ಟು, ಮೇಲೆ ಬಂದ ಮಡ್ಡಿ ತೆಗೆದು, ಪಾಕದ ಹದ ನೋಡಿ ಅಚ್ಚಿಗೆ ಹೊಯ್ಯುತ್ತಿದ್ದರು. ನಾನು ಹೈಸ್ಕೂಲಿನಲ್ಲಿದ್ದಾಗ ಒಂದು ಬೇಸಿಗೆ ನಮ್ಮ ಕಬ್ಬು ಕಡಿದಾಯಿತು, ಸರದಿ ಮಾತ್ರ ಬರಲಿಲ್ಲ. ಒಂದು ದಿನ ಕರೆಂಟಿಲ್ಲ, ಇನ್ನೊಂದು ದಿನ ಬೇರೆಯವರ ಗಾಡಿ ಮುಂದೆ ನುಗ್ಗಿತು. ನಾಲ್ಕು ದಿನ ಕಬ್ಬು ಬಿಸಿಲಲ್ಲಿ ಬಿದ್ದಿತ್ತು. ಐದನೆಯ ದಿನ ಅರೆದಾಗ ಬೊಗಸೆಯಲ್ಲಿ ಹಿಡಿದು ಕುಡಿದೆವು. ಎಂದಿನಷ್ಟೇ ಸಿಹಿ. ಅಪ್ಪನ ಮುಖ ಹಗುರಾಯಿತು. ಆದರೆ ರಾತ್ರಿ ಕಳೆದು ಬೆಳಗಾದರೂ ಬೆಲ್ಲ ಅಚ್ಚಿನಲ್ಲಿ ಕಟ್ಟಲಿಲ್ಲ. ಮುಟ್ಟಿದರೆ ಬೆರಳು ಇಳಿಯುತ್ತಿತ್ತು.

ನಡೆದದ್ದು ಇಷ್ಟು. ಕಡಿದ ಮೇಲೂ ಕಬ್ಬು ಒಳಗೊಳಗೇ ಕೆಲಸ ಮಾಡುತ್ತದೆ. ಅದರಲ್ಲೇ ಇರುವ ಕಿಣ್ವ ಸುಕ್ರೋಸಿಗೆ ನೀರು ಸೇರಿಸಿ ಗ್ಲೂಕೋಸ್, ಫ್ರಕ್ಟೋಸ್ ಎಂದು ಎರಡು ಹೋಳು ಮಾಡುತ್ತದೆ. ಕಡಿದ ಬಾಯಿಂದ ಹೊಕ್ಕ ಬ್ಯಾಕ್ಟೀರಿಯಾ ಹುಳಿಯನ್ನೂ ಲೋಳೆಯನ್ನೂ ಮಾಡುತ್ತವೆ. ಅದಕ್ಕೇ ಕಡಿದ ಕಬ್ಬನ್ನು ಒಂದು ದಿನದೊಳಗೆ ಅರೆಯಬೇಕೆನ್ನುವುದು. ಎರಡು ಹೋಳೂ ಸಿಹಿಯೇ ಆದ್ದರಿಂದ ನಾಲಗೆಗೆ ಏನೂ ತಿಳಿಯುವುದಿಲ್ಲ. ತಿಳಿಯುವುದು ಅಚ್ಚಿಗೆ. ಸುಣ್ಣ ಹುಳಿಯನ್ನು ಇಳಿಸೀತೇ ಹೊರತು ಒಡೆದದ್ದನ್ನು ಕೂಡಿಸಲಾರದು.

ನೀರಾದ ಕಥೆ ಇನ್ನೂ ಅವಸರದ್ದು. ತೆಂಗಿನ ಹೊಂಬಾಳೆಯಿಂದಲೋ ಈಚಲಿನಿಂದಲೋ ರಾತ್ರಿ ತೊಟ್ಟಿಕ್ಕಿದ ರಸವನ್ನು ಬಿಸಿಲೇರುವ ಮೊದಲೇ ಕುಡಿಯಬೇಕು. ಗಾಳಿಯಲ್ಲಿರುವ, ಹಳೆ ಮಡಕೆಗೆ ಅಂಟಿರುವ ಯೀಸ್ಟ್ ಕೆಲವೇ ತಾಸಿನಲ್ಲಿ ಅದನ್ನು ಹೆಂಡ ಮಾಡುತ್ತದೆ, ಇನ್ನೂ ಬಿಟ್ಟರೆ ಹುಳಿಗಾಡಿ. ಮಡಕೆಯ ಒಳಗೆ ಸುಣ್ಣ ಬಳಿದರೆ ಅಷ್ಟು ಹೊತ್ತು ತಡೆಯುತ್ತದೆ. ಮರವೂ ಅದೇ, ರಸವೂ ಅದೇ. ಬೆಳಗ್ಗೆ ಮಗುವಿಗೆ ಕುಡಿಸಬಹುದಾದದ್ದನ್ನು ಸಂಜೆ ಮಗುವಿನ ಕೈಗೆ ಸಿಗದಂತೆ ಇಡಬೇಕು.

ಇದನ್ನೆಲ್ಲ ಹೇಳುತ್ತಿರುವುದು ನನ್ನ ಒಂದು ತಪ್ಪನ್ನು ಹೇಳುವುದಕ್ಕೆ. ಅವ್ವ ಕೊನೆಯ ದಿನಗಳಲ್ಲಿ ನನ್ನನ್ನು ಹತ್ತಿರ ಕರೆದು, ತನ್ನ ಸೊಸೆಗೆ, ಅಂದರೆ ನನ್ನ ಅತ್ತಿಗೆಗೆ, ಒಂದು ಮಾತು ಹೇಳಲು ಹೇಳಿದ್ದಳು. ಇಪ್ಪತ್ತು ವರ್ಷ ಅವಳನ್ನು ಬೈದದ್ದು ಸರಿಯಲ್ಲ ಅಂತ. ತಾನೇ ಹೇಳಲು ಅವ್ವನಿಗೆ ನಾಚಿಕೆ. ತಿಥಿ ಮುಗಿಯಲಿ ಎಂದುಕೊಂಡೆ. ತಿಥಿಯಾದ ಮೇಲೆ ಗದ್ದೆ ಭಾಗದ ಮಾತು ಬಂತು, ಅಣ್ಣನಿಗೂ ನನಗೂ ಮನಸ್ಸು ಕೆಟ್ಟಿತು. ಆಗ, ನಿಜ ಹೇಳುತ್ತೇನೆ, ಅತ್ತಿಗೆಗೆ ಆ ಸಮಾಧಾನ ಕೊಡಲು ನನಗೆ ಇಷ್ಟವಿರಲಿಲ್ಲ. ಮಾತೇನು ಓಡಿಹೋಗುತ್ತದೆಯೇ, ನನ್ನ ಹತ್ತಿರ ಭದ್ರವಾಗಿಯೇ ಇದೆ ಎಂದು ಹನ್ನೆರಡು ವರ್ಷ ಇಟ್ಟುಕೊಂಡೆ. ಹಳೇ ಅಕ್ಕಿ, ಹಳೇ ಹುಣಸೆ ಇಟ್ಟಷ್ಟೂ ಒಳ್ಳೆಯದಲ್ಲವೇ? ಅವು ಒಣಗಿಸಿ ಇಟ್ಟವು ಎಂಬುದು ಆಗ ಹೊಳೆಯಲಿಲ್ಲ.

ಹೋದ ವರ್ಷ ಹಬ್ಬಕ್ಕೆ ಹೋದಾಗ ಅಡುಗೆಮನೆಯಲ್ಲಿ ಹೇಳಿಬಿಟ್ಟೆ. ಅತ್ತಿಗೆ ಒಬ್ಬಟ್ಟು ತಟ್ಟುವುದನ್ನು ನಿಲ್ಲಿಸಲಿಲ್ಲ. "ಆಗಲೇ ಹೇಳಿದ್ರೆ ಅದು ಅತ್ತೆಮ್ಮನ ಮಾತಾಗಿರೋದು ಕಣವ್ವ. ಈಗ ನಿನ್ನ ಮಾತು" ಅಂದರು.

ಒಂದಕ್ಷರ ಸೇರಿಸಿರಲಿಲ್ಲ, ತೆಗೆದಿರಲಿಲ್ಲ ಎಂದು ವಾದಿಸಬೇಕೆನಿಸಿತು. ಆದರೆ ಕಬ್ಬಿಗೂ ಯಾರೂ ಏನೂ ಸೇರಿಸಿರಲಿಲ್ಲ. ಅವ್ವ ಹೇಳಿದ್ದು ಕ್ಷಮೆ. ಹನ್ನೆರಡು ವರ್ಷದಲ್ಲಿ ಅದರೊಳಗೆ ನನ್ನ ಹಟ, ಅತ್ತಿಗೆ ಸುಮ್ಮನೆ ನುಂಗಿದ ರಾತ್ರಿಗಳು, ಎಲ್ಲ ಕೂಡಿದ್ದವು. ಹಾಗಾದರೆ ಹೇಳದೇ ಇದ್ದುಬಿಡಬೇಕಿತ್ತೇ? ಇದಕ್ಕೆ ನನ್ನ ಉತ್ತರ ದಿನಕ್ಕೊಂದು. ಇಲ್ಲ, ಹೇಳಲೇಬೇಕಿತ್ತು, ಅದು ಅವರ ಸ್ವತ್ತು ಎನ್ನುತ್ತೇನೆ. ಹೇಳಿದ್ದು ಅವರಿಗಾಗಿಯೋ, ನನ್ನ ಹೊರೆ ಇಳಿಸಲೋ ಎಂದು ಕೇಳಿಕೊಂಡರೆ ಬಾಯಿ ಕಟ್ಟುತ್ತದೆ. ಕಟ್ಟದ ಆ ಬೆಲ್ಲವನ್ನು ಅಪ್ಪ ಎಸೆಯಲಿಲ್ಲ. ಪೇಟೆಯವರು ಮುಟ್ಟದ್ದನ್ನು ಅವ್ವ ಜಾಡಿಗೆ ತುಂಬಿಟ್ಟಳು, ರೊಟ್ಟಿಗೆ ಹಚ್ಚಿಕೊಂಡು ತಿಂದೆವು. ಬೆಲೆ ಬರಲಿಲ್ಲ, ಅಷ್ಟೆ.

ಹದಿನೈದು ದಿನ ಬಿಟ್ಟು ಅತ್ತಿಗೆ ಫೋನ್ ಮಾಡಿದರು. ಅದೂ ಇದೂ ಮಾತಾಡಿ, ಕೊನೆಗೆ, "ಅತ್ತೆಮ್ಮ ಸರಿಯಾಗಿ ಏನಂದಿದ್ರು? ತಪ್ಪಾಯ್ತು ಅಂದ್ರಾ, ಇಲ್ಲ ಜಾಸ್ತಿಯಾಯ್ತು ಅಂದ್ರಾ?" ಎಂದು ಕೇಳಿದರು. ನಾನು ನೆನಪಿಸಿಕೊಳ್ಳಲು ಎಷ್ಟು ಒದ್ದಾಡಿದರೂ ಅವ್ವನ ತುಟಿ ಕಾಣುತ್ತಿತ್ತು, ಶಬ್ದ ಕೇಳುತ್ತಿರಲಿಲ್ಲ.

"ತಪ್ಪಾಯ್ತು ಅಂದಳು ಅತ್ತಿಗೆ" ಎಂದೆ.